ಡ್ರಮ್ಮಿನೊಳಗಿನ ಮಾತು

ಬ್ರೇಕಿನ ವಿಷಯದಲ್ಲಿ ನಾನು ಒಮ್ಮೆ ಸುಳ್ಳು ಹೇಳಿದ್ದೇನೆ. ಬಾಯಲ್ಲಿ ಮೊದಲು ಹೇಳಿದೆ, ಆಮೇಲೆ ಬಣ್ಣದಲ್ಲೂ ಹೇಳಿದೆ. ಐವತ್ತು ವರ್ಷ ಗ್ರೀಸಿನಲ್ಲಿ ಕೈ ಕಪ್ಪು ಮಾಡಿಕೊಂಡ ರೆಜ್ ಶೆರಟ್ ಹೀಗೆ ಮಾಡಿದ ಎಂದರೆ ನಮ್ಮ ಲೀಕ್ ಪಟ್ಟಣದಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಸಿರಿಲ್ ಬ್ಯಾಗ್ನಲ್ ನನ್ನ ಮೇಸ್ತ್ರಿ. ಹದಿನಾರನೆಯ ವಯಸ್ಸಿಗೆ ನಾನು ಬಸ್ ಡಿಪೋದಲ್ಲಿ ಕೆಲಸ ಕಲಿಯಲು ಸೇರಿದಾಗ ಅವರಿಗೆ ಇಪ್ಪತ್ತನಾಲ್ಕು. ಡಿಪೋ ಮುಚ್ಚಿ ಮೂವತ್ತು ವರ್ಷ ಆಯಿತು, ನನಗೇ ಎಪ್ಪತ್ತು ದಾಟಿತು, ಆದರೂ ಅವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ.

ಆ ಡಿಪೋದಲ್ಲಿ ಒಂದು ರೂಢಿ ಇತ್ತು. ಒಬ್ಬ ಬ್ರೇಕು ಜೋಡಿಸಿದರೆ ಇನ್ನೊಬ್ಬ ಬಿಚ್ಚಿ ನೋಡಬೇಕು. ಬಿಚ್ಚದೆಯೇ ಬಿಚ್ಚಿದೆ ಎನ್ನುವ ಸೋಮಾರಿಗಳು ಎಲ್ಲ ಕಾಲದಲ್ಲೂ ಇರುತ್ತಾರಲ್ಲ, ಅವರಿಗಾಗಿ ಸೀಮೆಸುಣ್ಣ. ಜೋಡಿಸಿದವನು ಬ್ರೇಕಿನ ಮೇಲೆ ಬೋಗುಣಿಯಂತೆ ಕೂರುವ ಡ್ರಮ್ಮು ಮುಚ್ಚುವ ಮೊದಲು ಅದರ ಒಳಗೆ, ಬ್ರೇಕಿನ ಶೂ ಉಜ್ಜದ ಚಪ್ಪಟೆ ಭಾಗದಲ್ಲಿ, ಏನಾದರೊಂದು ಮಾತು ಬರೆದು ಹೊರಗೆ ಹೋಗಿಬಿಡಬೇಕು, ಹತ್ತಿರ ನಿಲ್ಲುವಂತಿಲ್ಲ. ನೋಡುವವನು ಚಕ್ರ ತೆಗೆದು, ಡ್ರಮ್ಮು ಕಳಚಿ, ಒಳಗಿನದೆಲ್ಲ ಪರೀಕ್ಷಿಸಿ, ಆ ಮಾತನ್ನು ಒರೆಸಿ, ಮತ್ತೆ ಮುಚ್ಚಿ, ಬಂದು ಎಲ್ಲರೆದುರು ಗಟ್ಟಿಯಾಗಿ ಹೇಳಬೇಕು. ಮೇಸ್ತ್ರಿ ಸಾಮಾನ್ಯವಾಗಿ ತಿಂಡಿಯ ಹೆಸರು ಬರೆಯುತ್ತಿದ್ದರು. ನನ್ನ ಸರದಿ ಬಂದಾಗ ಮಾತ್ರ ಬೇರೆ.

"ಮಾತೇನು?" ಎಂದು ಅವರು ಕೇಳುತ್ತಿದ್ದರು.

"ರೆಜ್‌ನ ಕಿವಿ ಕತ್ತೇದು, ಮೇಸ್ತ್ರಿ" ಎಂದು ನಾನು ಒದರಬೇಕಾಗಿತ್ತು. ಡಿಪೋಗೆ ಡಿಪೋವೇ ನಗುತ್ತಿತ್ತು. ನಗಲಿ ಬಿಡಿ. ಮೇಸ್ತ್ರಿ ಸರಿ ಎಂದ ಬಸ್ಸು ಊರಾಚೆಯ ಬೋಳುಗುಡ್ಡದ ಇಳಿಜಾರಿನಲ್ಲಿ ನಿಲ್ಲದೆ ಹೋದದ್ದು ಒಂದೂ ಇಲ್ಲ.

ಕೆಲಸದಿಂದ ನಿವೃತ್ತರಾದ ಮೇಲೆ ಅವರು ಮನೆಯ ಪಕ್ಕದ ಗ್ಯಾರೇಜಿನಲ್ಲಿ ಒಂದು ಕಾರು ಕಟ್ಟಲು ಹೊರಟರು. ಕೊಳವೆಗಳನ್ನು ಬೆಸೆದ ಚೌಕಟ್ಟು, ಫೈಬರಿನ ಮೈ, ಮೇಲೆ ಸೂರಿಲ್ಲ, ಕೂರಲು ಎರಡೇ ಜನ. ಇವು ಪೆಟ್ಟಿಗೆಗಳಲ್ಲಿ ಬಂದವು. ಎಂಜಿನ್ನು, ಹಿಂದಿನ ಅಚ್ಚು, ಸ್ಟಿಯರಿಂಗು ಗುಜರಿಗೆ ಹೊರಟಿದ್ದ ಒಂದು ಹಳೆಯ ಕಾರಿನವು. ಎರಡು ವರ್ಷದಲ್ಲಿ ಮುಗಿಯುತ್ತದೆ ಎಂದವರು ಒಂಬತ್ತು ವರ್ಷ ತೆಗೆದುಕೊಂಡರು. ನಾನು ಮಂಗಳವಾರ, ಗುರುವಾರ ಹೋಗುತ್ತಿದ್ದೆ. "ನನ್ನನ್ನ ಮದುವೆ ಆಗೋಕೆ ಇಷ್ಟು ಯೋಚನೆ ಮಾಡ್ಲಿಲ್ಲ ಈ ಮನುಷ್ಯ" ಎಂದು ಅವರ ಹೆಂಡತಿ ಎನಿಡ್ ಚಹಾ ತಂದಾಗಲೆಲ್ಲ ಹೇಳುತ್ತಿದ್ದರು.

ಇಬ್ಬರೇ ಇರುವಲ್ಲಿ ಸೀಮೆಸುಣ್ಣ ಏಕೆಂದು ನಾವು ಅದನ್ನು ಬಿಟ್ಟಿದ್ದೆವು. ಎರಡು ಪುಟ್ಟ ಡಬ್ಬಿ ಬಣ್ಣ ಸಾಕಾಗಿತ್ತು. ಒಂದು ಬೋಲ್ಟು ಬಿಗಿ ಮಾಡಿದವರು ಅದರ ತಲೆಯ ಮೇಲೆ ಬಿಳಿ ಚುಕ್ಕೆ ಇಡುವುದು, ನೋಡಿದವರು ಪಕ್ಕದಲ್ಲಿ ಹಳದಿ ಇಡುವುದು. ಬಿಳಿ ಯಾವಾಗಲೂ ಮೇಸ್ತ್ರಿಯದು, ಹಳದಿ ನನ್ನದು.

ಎಂಟನೆಯ ವರ್ಷದ ಚಳಿಗಾಲದಲ್ಲಿ ಮೇಸ್ತ್ರಿಗೆ ಮರೆವು ಶುರುವಾಯಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು. ಅವರು ತಾವಾಗಿಯೇ ಡ್ರೈವಿಂಗ್ ಲೈಸೆನ್ಸನ್ನು ಲಕೋಟೆಗೆ ಹಾಕಿ ವಾಪಸು ಕಳಿಸಿದರು, ಯಾರೂ ಕೇಳುವ ಮೊದಲೇ. ಫೆಬ್ರವರಿಯಲ್ಲಿ ಪೆಟ್ರೋಲ್ ಪೈಪಿನ ಒಂದು ಪಟ್ಟಿ ಬಿಗಿ ಮಾಡುವುದನ್ನು ಮರೆತರು. ನಾನು ದಡ್ಡ, ಎನಿಡ್ ಚಹಾ ಹಿಡಿದು ನಿಂತಿದ್ದಾಗಲೇ "ಅಯ್ಯೋ ಮೇಸ್ತ್ರಿ, ಇದು ಸೋರ್ತಿದೆ" ಎಂದುಬಿಟ್ಟೆ. ಅಂದೇ ಎನಿಡ್ ಗ್ಯಾರೇಜಿಗೆ ಬೀಗ ಹಾಕಿ ಬೀಗದ ಕೈಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟರು. ಐದು ವಾರ ಮೇಸ್ತ್ರಿ ಅಡುಗೆಮನೆಯ ಕಿಟಕಿಯಲ್ಲಿ ಕೂತು ಆ ಬಾಗಿಲನ್ನೇ ನೋಡಿದರು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬೀಗ ತೆಗೆಸಿದವಳು ಅವರ ಮಗಳು ಗೇನರ್. ಶಾಲೆಯಲ್ಲಿ ಅಡುಗೆ ಕೆಲಸ ಅವಳದು, ಮಾತು ನೇರ.

"ಅಪ್ಪ ಮುಗಿಸ್ಲಿ ಬಿಡಮ್ಮ. ಉಳಿದಿರೋದು ಹಿಂದಿನ ಬ್ರೇಕ್ ಒಂದೇ. ರೆಜ್ ಅಂಕಲ್ ಎಲ್ಲಾ ನೋಡ್ತಾರೆ. ಕಾರು ರಸ್ತೆಗಿಳಿಸೋಕೆ ಸರ್ಕಾರದ ಪರೀಕ್ಷೆ ಇದ್ಯಲ್ಲ, ಅದಕ್ಕೆ ನಾನೇ ಓಡಿಸ್ಕೊಂಡು ಹೋಗ್ತೀನಿ" ಎಂದಳು.

"ಇನ್ನೊಂದು ತಪ್ಪು ಆಗ್ಲಿ, ಆ ಬೀಗದ ಕೈ ಸೀದಾ ಕಾಲುವೆಗೆ" ಎಂದರು ಎನಿಡ್. ಹೇಳಿದ್ದು ಗಂಡನಿಗಾದರೂ ನೋಡಿದ್ದು ನನ್ನನ್ನು.

ಡ್ರಮ್ ಬ್ರೇಕು ದೊಡ್ಡ ವಿದ್ಯೆ ಏನಲ್ಲ. ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಎರಡು ಶೂ, ಅವನ್ನು ಒಳಕ್ಕೆ ಎಳೆಯುವ ಸ್ಪ್ರಿಂಗುಗಳು, ಮೇಲೆ ಎಣ್ಣೆಯ ಒತ್ತಡದಿಂದ ಅವನ್ನು ಹೊರಕ್ಕೆ ತಳ್ಳುವ ಸಿಲಿಂಡರು, ನಡುವೆ ಹಲ್ಲಿನ ಚಕ್ರವಿರುವ ಒಂದು ಪುಟ್ಟ ಅಡ್ಜಸ್ಟರು. ಶೂ ಸವೆದ ಹಾಗೆಲ್ಲ ಈ ಅಡ್ಜಸ್ಟರು ತಾನೇ ತಿರುಗಿ ಉದ್ದವಾಗಿ, ಶೂಗಳನ್ನು ಡ್ರಮ್ಮಿನ ಹತ್ತಿರವೇ ಇಡುತ್ತದೆ. ಅದರ ತಿರುಪು ಎಡಗಡೆಯದ್ದಕ್ಕೆ ಒಂದು ದಿಕ್ಕು, ಬಲಗಡೆಯದ್ದಕ್ಕೆ ಇನ್ನೊಂದು. ಅದಲುಬದಲಾದರೆ ಬಿಗಿಯಾಗುವ ಬದಲು ಸಡಿಲಾಗುತ್ತಾ ಹೋಗುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಅದೇ ಅದರ ಕೆಟ್ಟತನ. ಪೆಡಲು ದಿನಕ್ಕೆ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಮುಂದಿನ ಬ್ರೇಕುಗಳೇ ಎಲ್ಲ ಭಾರ ಹೊತ್ತು ಕಾಯುತ್ತವೆ, ಕೊನೆಗೊಂದು ಇಳಿಜಾರಿನಲ್ಲಿ ಕೈ ಕೊಡುತ್ತವೆ. ಆದ್ದರಿಂದಲೇ ಎರಡೂ ಕಡೆ ಒಟ್ಟಿಗೆ ಬಿಚ್ಚಬಾರದು. ಒಂದು ಕಡೆ ಬಿಚ್ಚಿದಾಗ ಇನ್ನೊಂದು ಕಡೆ ಹಾಗೇ ಇರಬೇಕು, ಕಣ್ಣಿಗೆ ನಕಲು ಸಿಗಲೆಂದು. ನನಗೆ ಅದನ್ನು ಕಲಿಸಿದವರು ಮೇಸ್ತ್ರಿಯೇ, ತಲೆಯ ಮೇಲೆ ಮೊಟಕಿ.

ಏಪ್ರಿಲ್‌ನ ಒಂದು ಗುರುವಾರ ನಾನು ಹೋದಾಗ ಎರಡೂ ಡ್ರಮ್ಮು ಮುಚ್ಚಿ ಆಗಿತ್ತು, ಎರಡರ ಮೇಲೂ ಬಿಳಿ ಚುಕ್ಕೆ. ಹಿಂದಿನ ದಿನ ನಾನಿಲ್ಲದಾಗ ಒಬ್ಬರೇ ಮಾಡಿದ್ದರು. ಬೆಂಚಿನ ಮೇಲೆ ಒಂದೇ ತಟ್ಟೆಯಲ್ಲಿ ಹಳೆಯ ಸ್ಪ್ರಿಂಗು, ಪಿನ್ನು, ಶೂಗಳೆಲ್ಲ ಎಡಬಲ ಇಲ್ಲದೆ ಕಲಸಿ ಬಿದ್ದಿದ್ದವು. ಎರಡೂ ಕಡೆ ಒಟ್ಟಿಗೆ ಬಿಚ್ಚಿದ್ದಾರೆ ಎಂದು ಆ ತಟ್ಟೆ ನೋಡಿಯೇ ನನಗೆ ತಿಳಿಯಿತು.

"ನೋಡಿ ಹೇಳು" ಎಂದಷ್ಟೇ ಹೇಳಿ ಮೇಸ್ತ್ರಿ ಒಳಗೆ ಹೋದರು.

ನಾನು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಎನಿಡ್ ಚಹಾ ತಂದು, ಲೋಟ ಕೊಟ್ಟು, ಹೋಗದೆ ಬಾಗಿಲಿಗೆ ಒರಗಿ ನಿಂತರು. "ಎಲ್ಲಾ ಸರಿ ಇದೆಯಾ ರೆಜ್? ನಿಜ ಹೇಳು" ಎಂದರು. ನಾನು ಬಿಚ್ಚಿದರೆ ಒಳಗೆ ಏನೋ ಇದ್ದೇ ಇರುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಇದ್ದರೆ ಎನಿಡ್ ಮುಖ ನೋಡಿಯೇ ತಿಳಿಯುತ್ತಾರೆ. ಬೀಗ, ಕಿಟಕಿ, ಆ ಕುರ್ಚಿ. ಮತ್ತೆ ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

"ಎಲ್ಲಾ ಸರಿ ಇದೆ ಎನಿಡ್, ಈಗಷ್ಟೇ ನೋಡಿ ಮುಚ್ಚಿದೆ" ಎಂದು ಬ್ರಷ್ಷು ಅದ್ದಿ ಎರಡೂ ಡ್ರಮ್ಮಿನ ಮೇಲೆ ಹಳದಿ ಇಟ್ಟೆ. ಅವರು ಹೋದ ಮೇಲೆ ಬಿಚ್ಚೋಣ ಎಂದುಕೊಂಡೆ. ಅವರು ಹೋದರು, ನಾನು ಬಿಚ್ಚಲಿಲ್ಲ. ಮೇಸ್ತ್ರಿ ಮಾಡಿದ ಬ್ರೇಕಲ್ಲವೇ, ಅರವತ್ತು ವರ್ಷದ ಕೈಯಲ್ಲವೇ ಎಂದು ನನಗೆ ನಾನೇ ಬೆಣ್ಣೆ ಹಚ್ಚಿಕೊಂಡೆ. ಹೇಡಿತನ ಎನ್ನುವ ಮಾತು ಆಗ ಹೊಳೆಯಲಿಲ್ಲ, ಈಗ ಹೇಳುತ್ತೇನೆ.

ಒಳಗೆ ಹೋದಾಗ ಮೇಸ್ತ್ರಿ ತಲೆಯೆತ್ತಿ ಕೇಳಿದರು: "ಮಾತೇನು?"

"ಎಲ್ಲಾ ಸರಿ ಇದೆ ಮೇಸ್ತ್ರಿ."

"ಸರಿ ಅನ್ನೋದು ಮಾತಲ್ಲ" ಎಂದು ಅವರು ತುಂಬ ಹೊತ್ತು ನನ್ನನ್ನೇ ನೋಡಿದರು.

ಅದು ಡಿಪೋದ ಪ್ರಶ್ನೆ ಎಂದು ನನಗೆ ಗೊತ್ತಾಗದೆ ಇರಲಿಲ್ಲ. ಆದರೆ ಆ ದಿನಗಳಲ್ಲಿ ಅವರು ನಾಲ್ಕು ಗಂಟೆಯ ಚೆಡಲ್‌ಟನ್ ಬಸ್ಸು ಬಂತೇ ಎಂದೂ ಕೇಳುತ್ತಿದ್ದರು, ಸತ್ತು ಇಪ್ಪತ್ತು ವರ್ಷವಾದ ಕಂಡಕ್ಟರನಿಗೆ ಚಹಾ ಇಟ್ಟಿದ್ದೀರಾ ಎಂದೂ ಕೇಳುತ್ತಿದ್ದರು. ಪಾಪ, ತಲೆ ಡಿಪೋಗೆ ಹೋಗಿಬಿಟ್ಟಿದೆ ಎಂದುಕೊಂಡೆ. ಆಮೇಲೆ ನಾನು ಹೋದಾಗಲೆಲ್ಲ ಅದೇ ಪ್ರಶ್ನೆ. ನಾನು ಮಗುವನ್ನು ಸಮಾಧಾನ ಮಾಡುವ ಹಾಗೆ ಅವರ ಹೆಗಲು ತಟ್ಟುತ್ತಿದ್ದೆ. ನಾಲ್ಕನೆಯ ಸಲವೋ ಐದನೆಯ ಸಲವೋ ಅವರು ಕೇಳುವುದನ್ನು ನಿಲ್ಲಿಸಿದರು. ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಾ ಕೂರತೊಡಗಿದರು.

ಪರೀಕ್ಷೆ ಮುಂದಿನ ಸೋಮವಾರಕ್ಕೆ ಗೊತ್ತಾಯಿತು, ಬೋಳುಗುಡ್ಡದಾಚೆಯ ಪಟ್ಟಣದಲ್ಲಿ. ಅಲ್ಲಿಗೆ ಹೋಗುವ ದಾರಿ ಒಂದೇ, ಎರಡೂ ಕಡೆ ಕಲ್ಲುಗೋಡೆ ಇರುವ ಆ ಉದ್ದದ ಇಳಿಜಾರು. ಗೇನರ್ ಕೈ ಕೂರಿಸಿಕೊಳ್ಳಲೆಂದು ವಾರವಿಡೀ ಸಂಜೆ ಹಳೆಯ ರೇಷ್ಮೆ ಗಿರಣಿಯ ಅಂಗಳದಲ್ಲಿ ಕಾರನ್ನು ಹಿಂದೆ ಮುಂದೆ ಓಡಿಸಿದಳು. ಶನಿವಾರ ಬೆಳಿಗ್ಗೆ ನಾನು ಹೋದಾಗ ಅವಳು ಕಾರಿನಲ್ಲೇ ಕೂತಿದ್ದಳು.

"ಅಂಕಲ್, ಪೆಡಲ್ ಮೊನ್ನೆ ಸೋಮವಾರಕ್ಕಿಂತ ಕೆಳಗೆ ಹೋಗ್ತಿದೆ ಅನ್ಸುತ್ತೆ. ಹ್ಯಾಂಡ್‌ಬ್ರೇಕೂ ಎರಡು ಹಲ್ಲು ಜಾಸ್ತಿ ಎಳೀಬೇಕು."

"ಹೊಸ ಶೂ ಅಲ್ವಾ ಮಗಳೇ, ಕೂತ್ಕೊಳ್ಳೋಕೆ ಸ್ವಲ್ಪ ದಿನ ಬೇಕು" ಎಂದೆ. ಎರಡನೆಯ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಅವಳು ಸರಿ ಅಂಕಲ್ ಎಂದು ಇಳಿದು ಒಳಗೆ ಹೋದಳು.

ನಾನು ಕೈ ತೊಳೆಯಲೆಂದು ಅಡುಗೆಮನೆಗೆ ಹೋದೆ. ಎನಿಡ್ ಬಾಣಲೆಯಲ್ಲಿ ಓಟ್ಸಿನ ದೋಸೆಯಂಥ ಓಟ್‌ಕೇಕ್ ಬಿಸಿ ಮಾಡುತ್ತಾ ಗೊಣಗುತ್ತಿದ್ದರು.

"ಹೊಲಿಗೆ ಪೆಟ್ಟಿಗೇಲಿದ್ದ ಬಟ್ಟೆಗೆ ಗುರುತು ಹಾಕೋ ನನ್ನ ನೀಲಿ ಸೀಮೆಸುಣ್ಣದ ತುಂಡು ಎಲ್ಲಿ ಹೋಯ್ತು ಅಂತ ತಿಂಗಳಿಂದ ಹುಡುಕ್ತಿದ್ದೀನಿ ರೆಜ್. ಇವತ್ತು ಇವರ ಗ್ಯಾರೇಜ್ ಕೋಟಿನ ಜೇಬಲ್ಲಿ ಸಿಕ್ತು. ಯಾಕೆ ಬೇಕಿತ್ತು ಅಂದ್ರೆ, ರೆಜ್ ಮಾತು ಹೇಳಿದ್ನಾ ಅಂತ ನನ್ನನ್ನೇ ಕೇಳ್ತಾರೆ. ಏನು ಮಾತಪ್ಪ ಅದು?"

ನಲ್ಲಿ ಹರಿಯುತ್ತಲೇ ಇತ್ತು. ನಾನು ಅದನ್ನು ನಿಲ್ಲಿಸಿದೆನೋ ಇಲ್ಲವೋ ನೆನಪಿಲ್ಲ. ಓಡಿದೆ ಎಂದರೆ ನನ್ನ ಮೊಣಕಾಲು ನೋಡಿದವರು ನಗುತ್ತಾರೆ, ಆದರೂ ಓಡಿದೆ.

ಮುಂದಿನ ಚಕ್ರಗಳಿಗೆ ಅಡ್ಡ ಕಟ್ಟಿಗೆ ಇಟ್ಟು, ಹಿಂಬದಿಗೆ ಜಾಕು ಕೊಟ್ಟು, ಎಡಗಡೆಯ ಚಕ್ರ ತೆಗೆದೆ. ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿದೆ. ನನ್ನ ಹಳದಿ ಚುಕ್ಕೆ ನನ್ನನ್ನೇ ನೋಡುತ್ತಿತ್ತು. ಡ್ರಮ್ಮು ಕಳಚಿ ಬಂತು, ತಿರುಗಿಸಿದೆ. ಬ್ರೇಕಿನ ದೂಳಿನ ಕೆಳಗೆ ನೀಲಿ ಅಕ್ಷರ, ನಡುವಿನ ತೂತಿನ ಸುತ್ತ ವಕ್ರವಕ್ರವಾಗಿ:

"ರೆಜ್, ಎಡದ್ದು ಎಡಕ್ಕೇ ಹಾಕಿದೆನಾ ಗೊತ್ತಾಗ್ತಿಲ್ಲ. ಕೈ ಮಾತು ಕೇಳ್ತಿಲ್ಲ. ಎನಿಡ್‌ಗೆ ಹೇಳಬೇಡ. ನೀನು ನೋಡು."

ಒಳಗೆ ಬಲಗಡೆಯ ಅಡ್ಜಸ್ಟರು ಕೂತಿತ್ತು. ತಿರುತಿರುಗಿ ಸಡಿಲಾಗಿ, ಶೂಗಳು ಡ್ರಮ್ಮಿನಿಂದ ಹಿಂದೆ ಸರಿದಿದ್ದವು. ನಾನು ಬಲಗಡೆಯದ್ದನ್ನೂ ಬಿಚ್ಚಿದೆ. ಅಲ್ಲಿ ಎಡದ್ದು. ಆ ಡ್ರಮ್ಮಿನೊಳಗೂ ಬರೆದಿತ್ತು, ಇದು ಮಾತ್ರ ದುಂಡಗೆ, ಹಳೆಯ ಕಾಲದ ಕೈಬರಹದಲ್ಲಿ: "ರೆಜ್‌ನ ಕಿವಿ ಕತ್ತೆಯದು."

ನೆಲದ ಮೇಲೆ ಕೂತು ಅತ್ತೆ. ಮೊದಲಿನದ್ದಕ್ಕಲ್ಲ, ಎರಡನೆಯದ್ದಕ್ಕೆ.

ತಲೆಯೆತ್ತಿದಾಗ ಗೇನರ್ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಬಿಚ್ಚದೆ ಬಣ್ಣ ಇಟ್ಟದ್ದು, ಈಗಷ್ಟೇ ಹೇಳಿದ ಸುಳ್ಳು, ಸೋಮವಾರ ಆ ಇಳಿಜಾರಿನಲ್ಲಿ ಏನಾಗುತ್ತಿತ್ತು ಎನ್ನುವುದು, ಯಾವುದನ್ನೂ ಬಿಡಲಿಲ್ಲ. ಅವಳು ಕಿರುಚಲಿಲ್ಲ.

"ನಾನು ಅಪ್ಪನ ಬಿಳಿ ನೋಡಿ ಕೂತಿರ್ಲಿಲ್ಲ ಅಂಕಲ್. ಅಪ್ಪನ ಸ್ಥಿತಿ ನಂಗೆ ಗೊತ್ತಿಲ್ವಾ? ನಿಮ್ಮ ಹಳದಿ ನೋಡಿ ಕೂತೆ" ಎಂದಳು. ಆಮೇಲೆ ಡ್ರಮ್ಮಿನೊಳಗಿನದನ್ನು ಓದಿದಳು, ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದಳು. ಅಮ್ಮನಿಗೆ ಏನೂ ಹೇಳಲಿಲ್ಲ.

ಮೇಸ್ತ್ರಿ ಬಿಚ್ಚಿದ ಎರಡೂ ಕಡೆಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಎದ್ದು ನಿಂತೆ, ಹದಿನಾರರಲ್ಲಿ ನಿಲ್ಲುತ್ತಿದ್ದ ಹಾಗೆ.

"ಮಾತೇನು?" ಎಂದರು.

"ರೆಜ್‌ನ ಕಿವಿ ಕತ್ತೇದು, ಮೇಸ್ತ್ರಿ."

"ಇನ್ನೊಂದು?"

ನಾನು ಇನ್ನೊಂದನ್ನೂ ಹೇಳಿದೆ. ಅಕ್ಷರ ಬಿಡದೆ ಹೇಳಿದೆ.

"ಯಾವತ್ತು ಬಿಚ್ಚಿದೆ?"

"ಇವತ್ತು."

"ಹಳದಿ ಇಟ್ಟಿದ್ದು?"

"ಮೂರು ವಾರ ಆಯ್ತು."

ಅವರು ಹತ್ತಿರದ ಪೆಟ್ಟಿಗೆಯ ಮೇಲೆ ಮೆಲ್ಲಗೆ ಕೂತರು. ಬೈಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದುಕೊಂಡೆ.

"ಹಾಗಾದ್ರೆ ನಾನು ಬರ್ದಿದ್ದೆ" ಎಂದರು. "ನಿಜವಾಗ್ಲೂ ಬರ್ದಿದ್ದೆ. ನೀನು ಬಿಚ್ದೆ ಇರೋನಲ್ಲ ಅಂತ ನಂಗೆ ಗೊತ್ತು. ಬಿಚ್ಚಿದ್ಮೇಲೂ ಮಾತು ಹೇಳ್ತಿಲ್ಲ ಅಂದ್ರೆ ನಾನು ಬರ್ದೇ ಇಲ್ಲ ಅಂತ ತಾನೆ? ಬರ್ದೆ ಅನ್ನೋ ನೆನಪೂ ಸುಳ್ಳು ಅನ್ಕೊಂಡೆ ಕಣೋ. ಮೂರು ವಾರದಿಂದ ನಂಗೆ ನನ್ನ ಒಂದು ನೆನಪೂ ನಂಬೋಕೆ ಆಗ್ತಿಲ್ಲ. ಎನಿಡ್ ಮುಖ ನೋಡಿದ್ರೂ ಇವಳು ನಿಜವಾಗ್ಲೂ ನನ್ನ ಹೆಂಡತೀನಾ ಅಂತ ಅನುಮಾನ."

ನಾನು ಗೇನರಳ ಜೀವಕ್ಕೆ ಕುತ್ತು ತಂದಿದ್ದೆ ಎಂದಷ್ಟೇ ತಿಳಿದಿದ್ದೆ. ಅವರ ತಲೆಯಲ್ಲಿ ಗಟ್ಟಿಯಾಗಿ ಉಳಿದಿದ್ದ ಒಂದೇ ಮೊಳೆಯನ್ನೂ ನಾನೇ ಕಿತ್ತಿದ್ದೆ ಎಂದು ಆಗ ತಿಳಿಯಿತು.

"ನಿಂತ್ಕೊಂಡು ಏನು ನೋಡ್ತಿದ್ದೀಯ? ಬಲಗಡೆದು ಮೊದ್ಲು ಮುಗಿಸು. ಆಮೇಲೆ ಎಡ" ಎಂದರು ಮೇಸ್ತ್ರಿ.

ಅವರು ಪೆಟ್ಟಿಗೆಯ ಮೇಲೆ ಕೂತು ಹೇಳಿದರು, ನಾನು ಮಾಡಿದೆ. ಉದ್ದ ಪಟ್ಟಿಯ ಶೂ ಯಾವ ಕಡೆ, ಯಾವ ಸ್ಪ್ರಿಂಗಿನ ಕೊಕ್ಕೆ ಯಾವ ತೂತಿಗೆ, ಎಲ್ಲ ಸರಿಯಾಗಿ ಹೇಳಿದರು. ನಡುವೆ ಒಮ್ಮೆ ನನ್ನನ್ನು ಸತ್ತ ಕಂಡಕ್ಟರನ ಹೆಸರಿನಿಂದ ಕರೆದರು. ಗೇನರ್ ದೀಪ ಹಿಡಿದಿದ್ದಳು. ಅಡ್ಜಸ್ಟರುಗಳು ತಮ್ಮ ತಮ್ಮ ಕಡೆ ಸೇರಿದವು. ಎರಡೂ ಡ್ರಮ್ಮುಗಳ ಹೊರಗಿನ ಹಳೆಯ ಚುಕ್ಕೆಗಳನ್ನು ಕೆರೆದೆ, ಒಳಗಿನ ಹಳೆಯ ಮಾತುಗಳನ್ನು ಒರೆಸಿದೆ.

ಕೊನೆಯ ಡ್ರಮ್ಮು ಎಡಗಡೆಯದು. ಮುಚ್ಚುವ ಮೊದಲು ಗೇನರಳಿಂದ ನೀಲಿ ಸೀಮೆಸುಣ್ಣ ತರಿಸಿಕೊಂಡು, ಇಬ್ಬರಿಗೂ ಕಾಣದ ಹಾಗೆ ಒಳಗೆ ಬರೆದೆ: "ತಪ್ಪಾಯ್ತು ಮೇಸ್ತ್ರಿ." ಮುಚ್ಚಿದೆ. ಬಿಳಿ ಬಣ್ಣದ ಡಬ್ಬಿ ತೆಗೆದು ಮೊದಲ ಸಲ ನಾನೇ ಬಿಳಿ ಇಟ್ಟೆ. ಹಳದಿಯ ಬ್ರಷ್ಷನ್ನು ಅವರ ಕೈಗೆ ಕೊಟ್ಟೆ.

"ಹೊರಗೆ ನಿಂತ್ಕೊಳ್ಳಿ ಇಬ್ರೂ" ಎಂದರು ಅವರು. ರೂಢಿ ಅಂದರೆ ರೂಢಿ.

ಹೊರಗೆ ಅಂಗಳದಲ್ಲಿ ನಿಂತೆವು. ಗೇನರ್ ನನ್ನಿಂದ ಎರಡು ಮಾರು ದೂರ ನಿಂತಿದ್ದಳು, ಅದು ನ್ಯಾಯವೇ. ಒಳಗಿನಿಂದ ಸುತ್ತಿಗೆಯ ಸದ್ದು ಬಂತು, ನಿಂತಿತು, ತುಂಬ ಹೊತ್ತು ಏನೂ ಕೇಳಿಸಲಿಲ್ಲ, ಮತ್ತೆ ಬಂತು. ಅರ್ಧ ಗಂಟೆಯ ಮೇಲೆ ಅವರು ಬಾಗಿಲಿಗೆ ಬಂದರು. ಬೆರಳೆಲ್ಲ ಹಳದಿ.

"ಮಾತೇನು, ಮೇಸ್ತ್ರಿ?" ಎಂದು ಕೇಳಿದೆ. ಅವರನ್ನು ಆ ಪ್ರಶ್ನೆ ಕೇಳಿದ್ದು ಜನ್ಮದಲ್ಲೇ ಮೊದಲು.

ಅವರು ನನ್ನ ಮುಖ ನೋಡಿ, ಡಿಪೋದಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದರು: "ರೆಜ್‌ನ ಕಿವಿ ಕತ್ತೇದು!"

ಗೇನರ್ ನಕ್ಕಳು. ನಾನೂ ನಕ್ಕೆ. ಆದರೆ ನಾನು ಬರೆದ ಮಾತು ಅದಲ್ಲ. ಓದಿ ಮರೆತರು, ಅಥವಾ ಓದಲೇ ಇಲ್ಲ ಎಂದುಕೊಂಡೆ. ಬ್ರೇಕನ್ನು ನಾನೇ ಕಣ್ಣಾರೆ ನೋಡಿ ಮುಚ್ಚಿದ್ದರಿಂದ ಅದರ ಭಯವಿರಲಿಲ್ಲ. ಹೋಗಿ ಡ್ರಮ್ಮಿನ ಸ್ಕ್ರೂ, ಚಕ್ರದ ನಟ್ಟುಗಳ ಬಿಗಿ ಮುಟ್ಟಿ ನೋಡಿದೆ, ಗಟ್ಟಿಯಾಗಿದ್ದವು. ಒಳಗನ್ನು ಮತ್ತೆ ಬಿಚ್ಚಲು ಮನಸ್ಸು ಬರಲಿಲ್ಲ. ಅವರ ಹಳದಿ ನನ್ನ ಬಿಳಿಯ ಪಕ್ಕ ದೊಡ್ಡದಾಗಿ ಬಿದ್ದು ಕೆಳಗೆ ಹರಿದಿತ್ತು.

ಸೋಮವಾರ ಗೇನರ್ ಇಳಿಜಾರು ಇಳಿದಳು. ನಾನು ಪಕ್ಕದಲ್ಲಿ ಕೂತಿದ್ದೆ, ಅವಳು ಕರೆದದ್ದಲ್ಲ, ನಾನೇ ಹತ್ತಿ ಕೂತದ್ದು. ಕಾರು ಪಾಸಾಯಿತು. ಮೇಸ್ತ್ರಿ ಆ ಬೇಸಿಗೆಯಲ್ಲಿ ಅದರಲ್ಲಿ ನಾಲ್ಕು ಸಲ ಕೂತು ಗುಡ್ಡದ ಮೇಲೆ ಹೋಗಿಬಂದರು. ಐದನೆಯ ಸಲಕ್ಕೆ ಇದು ಯಾರ ಕಾರು ಎಂದು ಕೇಳಿದರು. ಜನವರಿಯಲ್ಲಿ ತೀರಿಕೊಂಡರು.

ಮಣ್ಣು ಮಾಡಿ ಒಂದು ತಿಂಗಳಾದ ಮೇಲೆ ಗೇನರ್ ಫೋನು ಮಾಡಿದಳು. ವರ್ಷದ ತಪಾಸಣೆಗೆ ಬ್ರೇಕು ಬಿಚ್ಚಬೇಕು, ಬನ್ನಿ ಅಂಕಲ್, ಎಂದಳು. ಎಡಗಡೆಯ ಡ್ರಮ್ಮನ್ನು ಅವಳೇ ಕಳಚಿ, ತಿರುಗಿಸಿ, ನನ್ನ ಮುಂದೆ ಹಿಡಿದಳು. ದೂಳು ಇತ್ತು. ದೂಳಿನ ಕೆಳಗೆ ನಾನು ಬರೆದದ್ದು ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಲೂ ಜೋಪಾನವಾಗಿ ಒರೆಸಿದ ಗುರುತಿತ್ತು, ನೀಲಿಯ ಒಂದು ಗೆರೆಯೂ ಉಳಿಯದ ಹಾಗೆ.

ಓದಿದ್ದರು. ಓದಿ, ಒರೆಸಿ, ಮಗಳ ಎದುರು ಅದನ್ನು ಹೇಳದೆ, ಕತ್ತೆಯ ಕಿವಿಯನ್ನು ಹೇಳಿದ್ದರು.

"ಏನಿತ್ತು ಅಂಕಲ್ ಇದ್ರಲ್ಲಿ?" ಎಂದು ಗೇನರ್ ಕೇಳಿದಳು.

ನಾನು ಅವಳಿಗೆ ಹೇಳಿದೆ.